ಕಿವಿ ಚುಚ್ಚುವ ದಿನದ ಥೀಟಾ ಅಲೆ

"ನನ್ನ ತೊಡೆ ಮೇಲೆ ಕೂತ ಮಗು ಅಳೋದುಂಟಾ? ಒಂದೇ ಒಂದು ಹನಿ ಕಣ್ಣೀರು ಬಂದ್ರೆ ನಾನು ರುದ್ರಮುನೀನೇ ಅಲ್ಲ!"

ಮಧುಗಿರಿಯಲ್ಲಿ ಪೈಪು, ನಲ್ಲಿ, ಮೋಟಾರು ಮಾರುವ ರುದ್ರಮುನಿ ಹೀಗೆ ಘೋಷಣೆ ಹೊರಡಿಸಿದಾಗ ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ಅವನ ಘೋಷಣೆಗಳು ಅವರಿಗೆ ಹೊಸದಲ್ಲ. ಶಿರಾದಲ್ಲಿರುವ ತಂಗಿ ಪ್ರಿಯಾಂಕಳ ಮಗಳು, ಮೂರು ವರ್ಷದ ಭುವನಾಳಿಗೆ ಕಿವಿ ಚುಚ್ಚಿಸುವುದೆಂದು ನಿಶ್ಚಯವಾಗಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ಅಂದರೆ ಇದೇ ಮಹಾನುಭಾವ.

ಜಂಬವೆಲ್ಲ ಹೊರಗೆ, ಒಳಗೆ ಬರೀ ಪುಕಪುಕ. ಭುವನಾ ಎಂದರೆ ಅವನಿಗೆ ಪ್ರಾಣ. ಅವನು ಶಿರಾಕ್ಕೆ ಹೋದರೆ ಸಾಕು, "ಮಾಮಾ" ಎಂದು ಓಡಿಬಂದು ಕಾಲಿಗೆ ಸುತ್ತಿಕೊಳ್ಳುವ ಮಗು ಅದು. ಆದರೆ ಹಿಂದೊಮ್ಮೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡಿಸುವಾಗ ತನ್ನನ್ನು ಹಿಡಿದುಕೊಂಡಿದ್ದ ಸ್ವಂತ ಅಪ್ಪನ ಹತ್ತಿರವೇ ಅದು ಬಹಳ ದಿನ ಸುಳಿದಿರಲಿಲ್ಲ. ಅಪ್ಪನಾದರೋ ದಿನವೂ ಮನೆಯಲ್ಲೇ ಇರುವವನು, ಚಾಕೊಲೇಟು ಕೊಟ್ಟು ಹೇಗೋ ರಾಜಿಯಾದ. ಹಬ್ಬಕ್ಕೊಮ್ಮೆ ಹೋಗುವ ಮಾವನ ಗತಿ ಏನು? ಇನ್ನು ಮೇಲೆ ತನ್ನನ್ನು ಕಂಡೊಡನೆ ಮಗು ಅಡುಗೆಮನೆಗೆ ಓಡಿಬಿಟ್ಟರೆ? ಹಾಗೆಂದು ನೆನೆದಾಗೆಲ್ಲ ರುದ್ರಮುನಿಗೆ ಊಟ ಸೇರುತ್ತಿರಲಿಲ್ಲ.

ಆಪದ್ಬಾಂಧವನ ಹಾಗೆ ಕಾಪಾಡಿದ್ದು ಮೊಬೈಲು. ಗಿರಾಕಿಗಳಿಲ್ಲದ ಹೊತ್ತಿನಲ್ಲೆಲ್ಲ ವೀಡಿಯೊ ನೋಡಿ ನೋಡಿ ಅವನು ಮೆದುಳಿನ ಪಂಡಿತನೇ ಆಗಿಬಿಟ್ಟ. ಒಂದು ಕಿವಿಗೆ ಒಂದು ಶಬ್ದ, ಇನ್ನೊಂದಕ್ಕೆ ಚೂರು ಬೇರೆ ಶಬ್ದ ಬಿಟ್ಟರೆ ಮೆದುಳು ಎರಡನ್ನೂ ಕೂಡಿಸಿಕೊಂಡು ತಣ್ಣಗಾಗುತ್ತದಂತೆ. ಅದಕ್ಕೆ ಥೀಟಾ ಅಲೆ ಎನ್ನುತ್ತಾರಂತೆ. ನೋವು, ಭಯ, ಚಿಂತೆ ಯಾವುದೂ ಹತ್ತಿರ ಸುಳಿಯುವುದಿಲ್ಲವಂತೆ. ಋಷಿಗಳು ಮೈಮೇಲೆ ಹುತ್ತ ಬೆಳೆಸಿಕೊಂಡು ಪಡೆದ ಸ್ಥಿತಿ ಈಗ ಹೆಡ್‌ಫೋನಿನಲ್ಲಿ! ಕೂಡಲೇ ದೊಡ್ಡ ದೊಡ್ಡ ಬಟ್ಟಲಿನ ಹೆಡ್‌ಫೋನು ತಂದು ಮೊದಲ ಪ್ರಯೋಗವನ್ನು ಹೆಂಡತಿ ವೇದಾವತಿಯ ಮೇಲೆ ಮಾಡಿದ.

"ಹೆಂಗೈತೆ?"

"ಬೋರ್‌ವೆಲ್ಲು ನೀರಿಲ್ದೆ ಗಾಳಿ ಎಳೀತಾ ಇರೋ ಹಂಗೈತೆ."

"ಅದು ಥೀಟಾ ಕಣೇ. ಮಗು ಸೂಜಿಗೆ ಹೆದರಬಾರ್ದು ಅಂತ."

"ಹಂಗಾರೆ ನೀವೇ ಹಾಕ್ಕೊಳಿ. ಸೂಜಿ ಕಂಡ್ರೆ ಬೆವರೋರು ನೀವು, ಮಗು ಅಲ್ಲ."

ಹೆಂಡತಿಗೆ ವಿಜ್ಞಾನದ ಗಂಧವಿಲ್ಲವೆಂದು ತೀರ್ಮಾನಿಸಿ ರುದ್ರಮುನಿ ಹೆಡ್‌ಫೋನನ್ನು ಬ್ಯಾಗಿಗೆ ಹಾಕಿಕೊಂಡ.

ಆ ದಿನ ಶಿರಾದ ಮನೆ ತುಂಬ ಜನ. ಅಕ್ಕಸಾಲಿ ಅಶ್ವತ್ಥಾಚಾರ್ರು ಬೆಳಗಿನ ಜಾವದ ಬಸ್ಸು ಹಿಡಿದು ಬಂದು ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ತಟ್ಟೆ, ತಟ್ಟೆಯಲ್ಲಿ ಚೂಪಾದ ಚಿನ್ನದ ತಂತಿ. ರುದ್ರಮುನಿ ಅದರ ಕಡೆ ನೋಡದೆ ಚಕ್ಕಳಮಕ್ಕಳ ಹಾಕಿ ಕೂತು, ಮಗುವನ್ನು ತೊಡೆಗೇರಿಸಿಕೊಂಡು, ತಲೆಗೆ ಹೆಡ್‌ಫೋನು ತೊಡಿಸಿ ಥೀಟಾ ಬಿಟ್ಟ. ಭುವನಾ ಗೊಂಬೆಯ ಹಾಗೆ ಕೂತುಬಿಟ್ಟಳು. ನೆರೆದವರೆಲ್ಲ ಬೆರಗಾದರು. ರುದ್ರಮುನಿ ಯುದ್ಧ ಗೆದ್ದವನ ಗತ್ತಿನಲ್ಲಿ ಹೆಂಡತಿಯ ಕಡೆ ಒಂದು ನೋಟ ಬೀರಿದ.

"ಈಗ ಚುಚ್ಚಿ ಆಚಾರ್ರೇ."

ಆಚಾರ್ರು ಎಡಕ್ಕೆ ಬಗ್ಗಿದರು, ಬಲಕ್ಕೆ ಬಗ್ಗಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಚುಚ್ಚಾನ ಸ್ವಾಮಿ. ಕಿವಿ ಎಲ್ಲೈತೆ?"

ಮನೆ ಗೊಳ್ಳೆಂದಿತು. ವೇದಾವತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಹೆಡ್‌ಫೋನು ಕೂರುವುದೂ ಓಲೆ ಕೂರುವುದೂ ಒಂದೇ ಜಾಗದಲ್ಲಿ ಎಂಬುದು, ಅಷ್ಟೆಲ್ಲ ಸಂಶೋಧನೆ ಮಾಡಿದ್ದ ಪಂಡಿತರಿಗೆ ಹೊಳೆದೇ ಇರಲಿಲ್ಲ!

ಸೋಲೊಪ್ಪುವ ಜಾಯಮಾನ ಅವನದಲ್ಲ. ಹೆಡ್‌ಫೋನು ಕಿತ್ತು, ಮೂಲೆಯಲ್ಲಿದ್ದ ದೊಡ್ಡ ಸ್ಪೀಕರಿಗೆ ಮೊಬೈಲು ಜೋಡಿಸಿದ. ಗುಂಯ್ ಎಂಬ ನಾದ ಮನೆಯನ್ನೆಲ್ಲ ತುಂಬಿತು. ಅದು ಕಚಗುಳಿ ಇಟ್ಟಂತಾಗಿ ಭುವನಾ ಕುಲುಕುಲು ನಗತೊಡಗಿದಳು. ಥೀಟಾ ಹತ್ತಿದ್ದು ಮಿಕ್ಕವರಿಗೆ. ಗೋಡೆಗೊರಗಿದ್ದ ಹಿರಿಯರು ಒಬ್ಬೊಬ್ಬರಾಗಿ ಆಕಳಿಸಿದರು. ಒಬ್ಬರಂತೂ ಗೊರಕೆಯನ್ನೇ ಶುರುಮಾಡಿದರು. ರುದ್ರಮುನಿಗೆ ಹೆಮ್ಮೆಯೋ ಹೆಮ್ಮೆ. ಅಷ್ಟರಲ್ಲಿ ಅವನ ತಾಯಿ ಕಮಲಾಕ್ಷಮ್ಮ ಕೂಗಿಕೊಂಡರು.

"ಲೇ ರುದ್ರ, ಆಚಾರ್ರು ತೂಕಡಿಸ್ತಾವ್ರೆ ಕಣ್ಲಾ! ಕೈಯಾಗೆ ತಂತಿ ಐತೆ!"

ಪ್ರಿಯಾಂಕ ಹಾರಿಬಂದು ಸ್ಪೀಕರಿನ ವೈರು ಕಿತ್ತಳು.

"ಅಣ್ಣ, ನಿನ್ ಥೀಟಾಕ್ಕೆ ನನ್ ಮಗಳ ಕೆನ್ನೆ ತೂತಾಗ್ತಿತ್ತು. ಸುಮ್ಕೆ ಕುಂತ್ಕೊ."

ಆಚಾರ್ರು ಮುಖ ತೊಳೆದು, ಕಾಫಿ ಕುಡಿದು, ಮತ್ತೆ ತಂತಿ ಹಿಡಿದರು. ಈಗ ರುದ್ರಮುನಿಗೆ ಯಾವ ಅಲೆಯ ಆಸರೆಯೂ ಇಲ್ಲ. ಮುಗೀತು, ಇನ್ನು ಈ ಮಗು ನನ್ನ ಮುಖ ನೋಡುವುದಿಲ್ಲ ಎಂದುಕೊಂಡು ಕಣ್ಣು ಮುಚ್ಚಿದ. ತಂತಿ ಬಲಗಿವಿಯನ್ನು ಮುಟ್ಟಿತು.

"ಅಯ್ಯಯ್ಯೋ... ಅವ್ವಾ... ಸತ್ತೆ!"

ಕೂಗಿದ್ದು ಮಗುವಲ್ಲ, ಮಾವ. ಆ ಕೂಗಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಗೊರಕೆ ಹೊಡೆಯುತ್ತಿದ್ದವರು ಎದ್ದು ಚಪ್ಪಲಿ ಹುಡುಕಿದರು. ಅಳಲೆಂದು ಬಾಯಿ ತೆರೆದಿದ್ದ ಭುವನಾ ಬಾಯಿ ತೆರೆದಂತೆಯೇ ಮಾವನನ್ನು ನೋಡುತ್ತಾ ಕೂತಳು. ಇಷ್ಟು ದೊಡ್ಡವರೂ ಹೀಗೆ ಅರಚುತ್ತಾರೆಂಬ ಬೆರಗಿನಲ್ಲಿ ಅವಳಿಗೆ ತನ್ನ ನೋವೇ ಮರೆತುಹೋಯಿತು. ಆಚಾರ್ರು ಕಸುಬಿನಲ್ಲಿ ಪಳಗಿದವರು, ಸಮಯ ಹಾಳುಮಾಡಲಿಲ್ಲ. ಇನ್ನೊಂದು ಕಿವಿಯತ್ತ ಸರಿದು, "ಇನ್ನೊಂದ್ ಸಲ ಕೂಗಿ ಸ್ವಾಮಿ" ಎಂದು ಮೆಲ್ಲಗೆ ಅಂದರು. ಹೇಳುವ ಅಗತ್ಯವೇ ಇರಲಿಲ್ಲ. ಎರಡನೆಯ ಕೂಗು ಮೊದಲನೆಯದಕ್ಕಿಂತ ಜೋರಾಗಿತ್ತು.

ಮನೆಯಲ್ಲಿ ಅಂದು ಕಣ್ಣೀರು ಬಂದದ್ದು ಒಬ್ಬರಿಗೆ ಮಾತ್ರ. ಆ ಒಬ್ಬ ಹೆದರುತ್ತಾ ಒಂದು ಕಣ್ಣು ತೆರೆದ. ಭುವನಾ ಎರಡೂ ಅಂಗೈಗಳಿಂದ ಅವನ ಕೆನ್ನೆ ಒರೆಸುತ್ತಿದ್ದಳು.

"ಮಾಮಂಗೆ ನೋವಾಯ್ತು" ಎಂದು ಎಲ್ಲರಿಗೂ ಸಾರಿ, ಅಜ್ಜಿಯ ತಟ್ಟೆಯಿಂದ ಬೆಲ್ಲದ ಚೂರು ಈಸಿಕೊಂಡು ಅವನ ಬಾಯಿಗಿಟ್ಟಳು. ಇಳಿಯಮ್ಮ ಎಂದರೂ ತೊಡೆ ಬಿಟ್ಟು ಇಳಿಯಲಿಲ್ಲ. ರುದ್ರಮುನಿಗೆ ಸಂತೋಷ ಉಕ್ಕಿ ಮತ್ತೆ ಅಳು ಬಂತು.

ಆಚಾರ್ರು ಸಾಮಾನು ಕಟ್ಟಿಕೊಳ್ಳುತ್ತಾ ಹತ್ತಿರ ಬಂದರು.

"ಸ್ವಾಮಿ, ಮುಂದಿನ ವಾರ ಕಳ್ಳಂಬೆಳ್ಳದಾಗೆ ಅವಳಿ ಮಕ್ಕಳಿಗೆ ಕಿವಿ ಚುಚ್ಚೋದೈತೆ. ತಪ್ಪದೆ ಬಂದ್ಬುಡಿ. ಮಿಷಿನ್ನು ಗಿಷಿನ್ನು ಏನೂ ಬ್ಯಾಡ. ನೀವು ಪಕ್ಕದಾಗೆ ಕುಂತ್ಕಂಡು ಕಿರುಚಿದ್ರೆ ಸಾಕು."