ಹೆರಿಗೆ ಕೋಣೆಯ ಹೊರಗೆ, ಚಾಪೆಯ ಮೇಲೆ

ಕಾರ್ತಿಕ ಮಾಸದ ಮೊದಲ ಭಾನುವಾರ, ಬೆಳಿಗ್ಗೆ ಹತ್ತೂಕಾಲು. ನನ್ನ ಹೊಟ್ಟೆಕಿಚ್ಚು ಅಧಿಕೃತವಾಗಿ ಆರಂಭವಾದ ಸಮಯ ಇದು. ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಹಾಗಲವಾಡಿಯ ನನ್ನ ಅತ್ತೆಯ ಹಟ. ಮಗು ಹುಟ್ಟುವಾಗ ನಾನು ಹೆಂಡತಿಯ ಪಕ್ಕದಲ್ಲೇ ಇರಬೇಕೆಂಬುದು ನನ್ನ ಹಟ. ವಾರಗಟ್ಟಲೆ ವಾದಿಸಿ ಗೆದ್ದೆ. ಹೆರಿಗೆ ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲೇ ಎಂದು ತೀರ್ಮಾನವಾಯಿತು. ಡಾಕ್ಟರು ಪರೀಕ್ಷಿಸಿ ಒಪ್ಪಿದರು. ಹೆಚ್ಚುಕಡಿಮೆಯಾದರೆ ಆಸ್ಪತ್ರೆ ಹತ್ತಿರದಲ್ಲೇ ಇತ್ತು. ಹೆರಿಗೆ ಮಾಡಿಸಲು ತರಬೇತಿ ಪಡೆದ ನರ್ಸ್ ಸುಜಾತಕ್ಕ ಕುಣಿಗಲ್‌ನಿಂದ ಬರುವುದೆಂದಾಯಿತು.

ಆ ಭಾನುವಾರ ಸುಜಾತಕ್ಕ ಬಂದು ನನ್ನ ಹೆಂಡತಿ ರೋಹಿಣಿಯ ಸೊಂಟ ಒತ್ತಿದರು. ಮದುವೆಯಾದಾಗಿನಿಂದ ನಾನು ಕೇಳಿರದ ನೆಮ್ಮದಿಯ ನಿಟ್ಟುಸಿರೊಂದು ಅವಳಿಂದ ಹೊರಬಂತು. ಅಕ್ಕ ಹೋದ ಮೇಲೆ ನಾನೂ ಒತ್ತಿದೆ.

“ರೀ, ಅದು ಸೊಂಟ. ಚಪಾತಿ ಹಿಟ್ಟಲ್ಲ.”

ಅಂದಿನಿಂದ ಮನೆಯಲ್ಲಿ ಎಲ್ಲದಕ್ಕೂ ಅಕ್ಕ. ಮಲಗುವುದು ಅಕ್ಕ ಹೇಳಿದ ಮಗ್ಗುಲಿಗೆ, ತಿನ್ನುವುದು ಅಕ್ಕ ಹೇಳಿದ ಹಣ್ಣು. ರೋಹಿಣಿ ಯಾರ ಹೆಸರು ಎಷ್ಟು ಸಲ ಹೇಳುತ್ತಾಳೆಂದು ನಾನು ಗೆರೆ ಎಳೆದಿಟ್ಟೆ. ಅಕ್ಕನ ಲೆಕ್ಕ ಮುಂದಿನ ಪುಟಕ್ಕೆ ಹೋಯಿತು. ನನ್ನ ಕಡೆ ಒಂದೇ ಗೆರೆ. ಅದೂ ಗ್ಯಾಸ್ ಆಫ್ ಮಾಡಲು ಕರೆದದ್ದು.

ದಿನ ತುಂಬುತ್ತಾ ಬಂದಾಗ ಸುಜಾತಕ್ಕ ಕೋಣೆಯ ಸೂರಿನಲ್ಲಿದ್ದ ತೊಟ್ಟಿಲ ಕೊಕ್ಕೆ ನೋಡಿ ಹೇಳಿದರು: “ನೋವು ಬಂದಾಗ ಹಿಡ್ಕಂಡು ಜಗ್ಗಾಕೆ ಇದಕ್ಕೊಂದು ಸೀರೆ ಕಟ್ಬೇಕು. ನಾನೇ ಬಂದು ಕಟ್ತೀನಿ, ನೀವ್ ಮುಟ್ಬೇಡಿ.”

ಬಾಡಿಗೆ ಕಟ್ಟುವವನು ನಾನು, ಸೀರೆ ಕಟ್ಟುವವರು ಅವರೇ?

ಗುರುವಾರ ಊಟವಾದ ಮೇಲೆ ಸ್ಟೂಲ್ ಹತ್ತಿದೆ. ಬೀರುವಿನಲ್ಲಿ ಕೈಗೆ ಸಿಕ್ಕಿದ್ದು ನುಣುಪಾದ ಸಿಂಥೆಟಿಕ್ ಸೀರೆ. ಕಟ್ಟಿದೆ. ಗಂಟನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಬೇಡವೇ? ಎರಡೂ ಕಾಲು ಮೇಲೆತ್ತಿ ಜೋತುಬಿದ್ದೆ. ಕೊಕ್ಕೆ ಮೇಲೆಯೇ ಉಳಿಯಿತು. ಸೀರೆಯೂ ನಾನೂ ಕೆಳಗೆ ಬಂದೆವು.

ಹೆರಿಗೆಗೆಂದು ಬಂದು ಉಳಿದಿದ್ದ ಅತ್ತೆ ಅಡುಗೆಮನೆಯಿಂದ ಓಡಿಬಂದರು. “ಏನಪ್ಪಾ ಇದು, ಹೆರಿಗೆ ಯಾರಿಗೆ?”

ಸುಜಾತಕ್ಕನಿಗೆ ಫೋನ್ ಹೋಯಿತು. ಬಂದು ನೋಡಿ, “ಮುರಿದಿಲ್ಲ, ಉಳುಕಿದೆ. ಅಲ್ಲಾಡ್ಬೇಡಿ” ಎಂದು ಸೊಂಟ ಒತ್ತಿದರು. ನನ್ನ ಬಾಯಿಂದಲೂ ಅದೇ ನಿಟ್ಟುಸಿರು ಹೊರಬಂತು.

“ಹೆಂಗಿದೇ ರೀ?” ಎಂದಳು ರೋಹಿಣಿ.

“ಪರವಾಗಿಲ್ಲ” ಎಂದೆ, ಗೋಡೆ ನೋಡುತ್ತಾ.

ಮರುದಿನ ಬೆಳಿಗ್ಗೆಯೇ ಅವಳಿಗೆ ನೋವು ಶುರುವಾಯಿತು. ಸುಜಾತಕ್ಕ ಮತ್ತೆ ಬಂದರು. ನಾನು ಹಾಲ್‌ನಲ್ಲಿ ಚಾಪೆಯ ಮೇಲೆ. “ನನ್ನ ಎತ್ಕೊಂಡು ಹೋಗಿ ಒಳಗೆ ಮಲಗಿಸಿ” ಎಂದು ಬೇಡಿದೆ.

“ಇವತ್ತು ನಂಗೆ ಒಬ್ರೇ ಪೇಶೆಂಟ್ ಸಾಕು” ಎಂದರು ಸುಜಾತಕ್ಕ. ನನ್ನ ಜಾಗಕ್ಕೆ ಅತ್ತೆ ಹೋದರು. ಬಾಗಿಲು ಮುಚ್ಚಿತು.

ಒಳಗಿನಿಂದ “ಉಸಿರು ಬುಡು ತಾಯಿ” ಎಂದು ಕೇಳಿದಾಗಲೆಲ್ಲ ಹೊರಗೆ ನಾನೂ ಬಿಟ್ಟೆ. ಬೇರೆ ಕೆಲಸವೇನಿತ್ತು? ಮಧ್ಯಾಹ್ನದ ಹೊತ್ತಿಗೆ ಅಳು ಕೇಳಿಸಿತು. ಸುಜಾತಕ್ಕ ಮಗಳನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದರು. “ತಾಯಿ ಮಗು ಚೆನ್ನಾಗವ್ರೆ. ನೀವ್ ಹೆಂಗಿದೀರಿ?”

“ಪರವಾಗಿಲ್ಲ” ಎಂದೆ, ಈ ಸಲ ಮಗಳನ್ನು ನೋಡುತ್ತಾ.

ಒಳಗೆ ಏನೇನಾಯಿತೆಂದು ಆಮೇಲೆ ರೋಹಿಣಿಯನ್ನು ಕೇಳಿದೆ. “ಅಕ್ಕನ್ನ ಕೇಳಿ.” ಅಕ್ಕ, “ಅತ್ತೇನ ಕೇಳಿ” ಎಂದರು. ಅತ್ತೆ, “ಹೆಂಗಸ್ರ ವಿಷ್ಯ, ನಿಂಗ್ಯಾಕಪ್ಪ, ಬುಡು” ಎಂದರು. ಉಳಿದ ಸಾಕ್ಷಿ ಮಗಳೊಬ್ಬಳೇ, ಅವಳಿಗಿನ್ನೂ ಮಾತು ಬಂದಿಲ್ಲ. ಅವಳು ಕೂಡ ಆಗ ಆ ಕೋಣೆಯಲ್ಲಿದ್ದಳಲ್ಲ ಎಂದು ನೆನೆದರೆ ಅವಳ ಮೇಲೂ ಹೊಟ್ಟೆ ಉರಿಯುತ್ತದೆ.

ಹೆರಿಗೆಯ ಹೊತ್ತಿನಲ್ಲಿ ಹೆಂಡತಿಯ ಪಕ್ಕದಲ್ಲೇ ನಿಂತಿದ್ದ ಗಂಡಂದಿರು ಯಾರಾದರೂ ಇದ್ದರೆ, ಒಳಗೆ ಏನಾಗುತ್ತದೆಂದು ದಯವಿಟ್ಟು ಬರೆದು ತಿಳಿಸಿ. ನಿಮಗಾದ ಸಂತೋಷವನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿ ಬರೆಯಿರಿ.