ಕಾಣೆಯಾದ ಪೆನ್ನು, ಕೊರಿಯರ್‌ಗೆ ಹೋದ ಚೆಕ್ಕು

ಭದ್ರಾವತಿಯ ನ್ಯೂಟೌನಿನ ಮನೆಯೊಂದರಲ್ಲಿ ಕಳೆದ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನೀಲಿ ಬಾಲ್ ಪೆನ್ನೊಂದು ಕಾಣೆಯಾಯಿತು. ಬೆಲೆ ಹತ್ತು ರೂಪಾಯಿ. ಎರಡು ಬೀರು, ದೇವರ ಗೂಡು ಮತ್ತು ಅಕ್ಕಿ ಡಬ್ಬಿಯನ್ನು ಶೋಧಿಸಲಾಯಿತು. ಪಕ್ಕದ ಮನೆಯವರನ್ನು ಸೌಜನ್ಯದಿಂದಲೇ ವಿಚಾರಿಸಲಾಯಿತು. ಪೆನ್ನು ಸಿಗಲಿಲ್ಲ. ಮನೆಯ ಯಜಮಾನರು ನನ್ನ ಭಾವ, ಅಕ್ಕನ ಗಂಡ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೂರು ಪ್ರತಿ ಇಂಡೆಂಟ್ ಚೀಟಿ ಇಲ್ಲದೆ ಒಂದು ಬೋಲ್ಟನ್ನೂ ಹೊರಗೆ ಬಿಟ್ಟವರಲ್ಲ.

ನಾನು ಶಿವಮೊಗ್ಗದ ಗಾಂಧಿ ಬಜಾರಿನ ಬ್ಯಾಂಕೊಂದರ ಚೆಕ್ ಕೌಂಟರಿನಲ್ಲಿ ಕೂತು ನಿವೃತ್ತನಾದವನು. ಬೇರೆಯವರಿಗೆ ಗ್ರಹಚಾರ ಶನಿಯ ರೂಪದಲ್ಲಿ ಬರುತ್ತದಂತೆ. ನನ್ನ ಹತ್ತಿರ ಯಾವಾಗಲೂ ಚೆಕ್ಕಿನ ರೂಪದಲ್ಲೇ ಬಂದಿದೆ.

ಹಿಂಬದಿಯ ಷರತ್ತು

ನನ್ನ ಸರ್ವಿಸಿನ ಕೊನೆಯ ವರ್ಷದ ಮಾತು. ಆಯನೂರು ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನಿನಲ್ಲಿ ಜಾಹೀರಾತು ನೋಡಿ, ನೆಲದ ಮೇಲೆ ನಿಂತೇ ಗೊನೆ ಕೊಯ್ಯುವ ಉದ್ದದ ದೋಟಿಗೆ ಚೆಕ್ ಕಳಿಸಿದರು. ಎರಡು ವಾರದ ಮೇಲೆ ಒಂದು ಪೊಟ್ಟಣ ಬಂತು. ಒಳಗಿದ್ದದ್ದು ಮೀನು ಹಿಡಿಯುವ ಗಾಳದ ಕೋಲು. ಅದನ್ನು ಹಿಡಿದುಕೊಂಡೇ ಅವರು ಕೌಂಟರಿಗೆ ಬಂದರು.

“ದುಡ್ಡು ಹೇಗೆ ಕೊಟ್ರಿ ಸಾರ್? ‘ದೋಟಿ ಬಂದು, ನೋಡಿ, ಒಪ್ಪಿದ ಮೇಲೆ ಮಾತ್ರ ಪಾವತಿಸುವುದು’ ಅಂತ ಚೆಕ್ಕಿನ ಹಿಂದೆ ಸ್ಪಷ್ಟವಾಗಿ ಬರೆದಿದ್ದೆನಲ್ಲ!”

“ಅದಕ್ಕೆ ಬ್ಯಾಂಕು ಏನೂ ಮಾಡೋಕಾಗಲ್ಲ ಗೌಡ್ರೇ. ದೋಟಿ ಬಂತೋ ಇಲ್ವೋ ಅಂತ ನಾವು ತೋಟಕ್ಕೆ ಬಂದು ನೋಡೋದಿಲ್ಲ.”

“ಬಂದಿದ್ರೆ ಊಟ ಹಾಕ್ತಿದ್ದೆ,” ಅಂದರು ಅವರು.

ಕಾಲು ಒತ್ತುವ ಯಂತ್ರ

ಈಗ ಭಾವನ ವಿಷಯ. ಅಕ್ಕನ ಮೊಣಕಾಲು ಸವೆದಿತ್ತು. ಮರುತಿಂಗಳು ಆಪರೇಶನ್ ಎಂದು ಡಾಕ್ಟರು ದಿನ ಕೊಟ್ಟಿದ್ದರು. ಅದಕ್ಕೆಂದೇ ಎರಡು ಲಕ್ಷ ಅರವತ್ತು ಸಾವಿರ ಭಾವನ ಖಾತೆಯಲ್ಲಿತ್ತು. ಅಷ್ಟರಲ್ಲಿ, ಆಪರೇಶನ್ನೇ ಬೇಡವಾಗಿಸುವ ಕಾಲು ಒತ್ತುವ ಯಂತ್ರವೊಂದು ಭಾವನ ಫೋನಿನಲ್ಲಿ ಕಾಣಿಸಿಕೊಂಡಿತು. ಎರಡು ಸಾವಿರದ ನಾನೂರು ರೂಪಾಯಿ.

ಹಣ ಕಳಿಸಿ ಹತ್ತು ದಿನವಾದ ಮೇಲೆ ಭಾವ ಒಂದು ಫೈಲು ಹಿಡಿದು ಶಿವಮೊಗ್ಗದ ನಮ್ಮ ಮನೆಗೆ ಬಂದರು.

“ಫೋನಲ್ಲಿ ದುಡ್ಡು ಕಳಿಸಿದ್ರೆ ಗಾಳಿಯಲ್ಲಿ ಹೋಗುತ್ತೆ ಮಾರಾಯ. ನಾನು ಚೆಕ್ಕೇ ಕೊಟ್ಟೆ. ದಾಖಲೆ ಇರುತ್ತೆ.”

“ಯಾರ ಹತ್ರ?”

“ಅವರ ಹತ್ರ.”

“ಯಾರ ಹೆಸರಿಗೆ ಬರೆದ್ರಿ ಭಾವ?”

“ಹೆಸರಿನ ಜಾಗ ಖಾಲಿ ಬಿಡಿ, ನಾವೇ ಸೀಲ್ ಹಾಕ್ಕೋತೀವಿ ಅಂದ್ರು. ಪಾಪ, ಎಷ್ಟು ಮರ್ಯಾದೆಯ ಜನ.”

ನನ್ನ ಕೈಯಲ್ಲಿದ್ದ ಕಾಫಿ ಲೋಟ ತಾನಾಗಿ ಟೀಪಾಯಿ ಮೇಲೆ ಕೂತಿತು. ಭಾವ ಫೈಲು ಬಿಚ್ಚಿದರು. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲದಕ್ಕೂ ಮೂರು ಮೂರು ಪ್ರತಿ. ಎಲ್ಲದರ ಮೇಲೂ ಬೀದಿಯ ನಿವೃತ್ತ ಪ್ರಿನ್ಸಿಪಾಲರ ಹಸಿರು ಶಾಯಿಯ ಸಹಿ, ‘ಮೂಲದೊಂದಿಗೆ ತಾಳೆ ನೋಡಲಾಗಿದೆ’. ಒಂದೊಂದು ಪ್ರತಿ ಚೆಕ್ಕಿನ ಜೊತೆ ಹೋಗಿತ್ತು.

“ಇವನ್ನೆಲ್ಲ ಅವರು ಕೇಳಿದ್ರಾ?”

“ಕೇಳಲಿಲ್ಲ. ಆಮೇಲೆ ಕೇಳಿದ್ರೆ ಮತ್ತೆ ಕೊರಿಯರ್ ಖರ್ಚಲ್ವಾ?”

“ಅವರ ವಿಳಾಸ, ದಾಖಲೆ ಏನಾದ್ರೂ ನೀವು ಕೇಳಿದ್ರಾ?”

“ಛೆ, ಹಾಗೆಲ್ಲ ಅನುಮಾನ ಪಟ್ರೆ ಅವರಿಗೆ ಬೇಜಾರಾಗಲ್ವಾ?”

ಕಾಣೆಯಾದ ಪೆನ್ನಿನ ಪರಿಣಾಮ

ಒಂದು ಆಸೆ ಉಳಿದಿತ್ತು. “ಮೊತ್ತವನ್ನಾದರೂ ತಿದ್ದೋಕಾಗದ ಹಾಗೆ ಒತ್ತಿ ಬರೆದಿದ್ದೀರಿ ತಾನೆ?”

“ಅವತ್ತು ಬಾಲ್ ಪೆನ್ನೇ ಸಿಗಲಿಲ್ಲ ಮಾರಾಯ. ಮೊಮ್ಮಗಳು ರಜೆಗೆ ಬಂದಾಗ ಬಿಟ್ಟುಹೋದ ಪೆನ್ನಲ್ಲಿ ಬರೆದೆ. ಒಳ್ಳೇ ಪೆನ್ನು. ತಪ್ಪಾದ್ರೆ ಉಜ್ಜಿದರೆ ಸಾಕು, ಗುರುತೇ ಇಲ್ಲದ ಹಾಗೆ ಅಳಿಸಿಹೋಗುತ್ತೆ.”

ನಾನು ಚಪ್ಪಲಿ ಹುಡುಕಿದೆ. ಇಬ್ಬರೂ ಬಸ್ಸು ಹತ್ತಿ ಭದ್ರಾವತಿಯ ಅವರ ಬ್ಯಾಂಕಿಗೆ ಹೋದೆವು. ದಾರಿಯುದ್ದಕ್ಕೂ ಭಾವ ಯಂತ್ರದ ಗುಣಗಳನ್ನು ವಿವರಿಸಿದರು. ಅದರಲ್ಲಿ ಏಳು ಸ್ಪೀಡು ಇದೆಯಂತೆ.

ಬ್ಯಾಂಕಿನಲ್ಲಿದ್ದ ಆಫೀಸರಮ್ಮ ಕಂಪ್ಯೂಟರ್ ನೋಡಿ, “ಚೆಕ್ ನಿನ್ನೆ ಬಂದಿದೆ ಸಾರ್. ಎರಡು ಲಕ್ಷ ನಲವತ್ತು ಸಾವಿರ,” ಅಂದರು.

ಏಳು ಸ್ಪೀಡಿನ ಮಾತು ಅಲ್ಲಿಗೆ ನಿಂತಿತು. ಭಾವ ಎದುರಿನ ಕುರ್ಚಿಯನ್ನು ಹಿಡಿದುಕೊಂಡರು. “ಅವಳ ಕಾಲು...” ಅಂದರು.

“ಆದ್ರೆ ದುಡ್ಡು ಹೋಗಿಲ್ಲ,” ಅಂದರು ಆಫೀಸರಮ್ಮ. “ಈಗೆಲ್ಲ ಚೆಕ್ಕಿನ ಕಪ್ಪು-ಬಿಳುಪು ಫೋಟೋ ಮಾತ್ರ ನಮಗೆ ಬರೋದು. ಇದರಲ್ಲಿ ತಾರೀಕು, ಸಹಿ ಎರಡೂ ಕಾಣಿಸ್ತಿಲ್ಲ. ನಾಲ್ಕೂ ಮೂಲೆಯಲ್ಲಿ ಕಪ್ಪಗೆ ಏನೋ ಬಳಿದಿದೆ. ಚಿತ್ರ ಸ್ಪಷ್ಟವಿಲ್ಲ ಅಂತ ವಾಪಸ್ ಕಳಿಸಿದ್ವಿ. ಏನು ಸಾರ್ ಅದು?”

ಭಾವ ತಲೆ ತಗ್ಗಿಸಿದರು. “ಕುಂಕುಮ ಮೇಡಂ. ಹೊಸ ಚೆಕ್‌ಬುಕ್ಕು, ಮೊದಲ ಹಾಳೆ, ಮೇಲಾಗಿ ಶುಕ್ರವಾರ. ನಾನು ಸಹಿ ಹಾಕಿಟ್ಟು ಸ್ನಾನಕ್ಕೆ ಹೋಗಿದ್ದೆ. ಲಗ್ನಪತ್ರಿಕೆಗೆ ಹಚ್ಚೋ ಹಾಗೆ ಇವಳು ಎಣ್ಣೆಯಲ್ಲಿ ಕಲಸಿ ಹಚ್ಚಿಬಿಟ್ಟಿದ್ಲು. ಬ್ಯಾಂಕಿನ ಕಾಗದ ಹಾಳು ಮಾಡಿದೆ ಅಂತ ಬೈದೂ ಇದ್ದೆ.”

ಮರ್ಯಾದೆ ಪ್ರಶ್ನೆ

ಆ ಚೆಕ್ಕಿಗೆ ಹಣ ಕೊಡಬಾರದೆಂದು ಅರ್ಜಿ ಬರೆದುಕೊಟ್ಟು ಮನೆಗೆ ಬಂದೆವು. ಅಕ್ಕ ಎಲ್ಲ ಕೇಳಿ ಗೋಡೆ ಹಿಡಿದು ಕೂತಳು. ಭಾವನೂ ಮಂಕಾಗಿದ್ದರು. “ದುಡ್ಡು ಉಳೀತಲ್ಲ ಭಾವ,” ಅಂದೆ.

“ಅದು ಸರಿ. ಆದ್ರೆ ಇಷ್ಟು ವರ್ಷದಲ್ಲಿ ನನ್ನ ಚೆಕ್ಕು ಒಂದು ಸಲವೂ ವಾಪಸಾಗಿರಲಿಲ್ಲ ಮಾರಾಯ. ಅವರು ನನ್ನ ಬಗ್ಗೆ ಏನು ತಿಳ್ಕೊಂಡಿರ್ತಾರೆ?”

ಆಗಲೇ ಫೋನು ಬಂತು. ಯಂತ್ರದವನೇ. ಭಾವ ಎದ್ದು ನಿಂತು ಮಾತಾಡಿದರು. “ಹೌದು ಸಾರ್, ತಪ್ಪು ನಮ್ಮದೇ. ಮನೆಯವರು ಕುಂಕುಮ... ಕ್ಷಮಿಸಬೇಕು... ಕುಂಕುಮ ಇಲ್ಲದ್ದು ಇನ್ನೊಂದಾ?”

ಅಕ್ಕ ಎರಡು ತಿಂಗಳಿಂದ ಯಾರಾದರೂ ಕೈ ಕೊಡದೆ ಮೇಲೇಳುತ್ತಿರಲಿಲ್ಲ. ಈಗ ಎದ್ದಳು. ಫೋನು ಕಿತ್ತುಕೊಂಡಳು.

“ಕೊಡ್ತೀವಪ್ಪ, ಕೊಡದೆ ಏನು. ನೀನೇ ಮನೆಗೆ ಬಂದು ತಗೊಂಡು ಹೋಗು. ಊಟ ಮಾಡ್ಕೊಂಡು ಹೋಗುವಿಯಂತೆ. ಪೊಲೀಸ್ನೋರಿಗೂ ಎಲೆ ಹಾಕ್ಸಿರ್ತೀನಿ.”

ಆ ಕಡೆ ಫೋನು ಕಟ್ಟಾಯಿತು. ಭಾವ ಅವಳನ್ನೇ ನೋಡುತ್ತಾ, “ನೀನು ಎದ್ದು ನಿಂತಿದ್ದೀಯಲ್ಲೇ! ಯಂತ್ರ ಬರೋ ಮೊದಲೇ ಗುಣ ಕೊಡ್ತಾ ಇದೆ,” ಅಂದರು.

ಯಂತ್ರ ಬರಲಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಮೂರು ಪ್ರತಿಯಲ್ಲಿ. ಅಕ್ಕನ ಆಪರೇಶನ್ ಹೇಳಿದ ದಿನವೇ ಆಯಿತು. ಆಸ್ಪತ್ರೆಗೆ ಬ್ಯಾಗು ತುಂಬುವಾಗ ಬಾಲ್ ಪೆನ್ನು ಅವಳ ಲಂಗದ ಲಾಡಿಪಟ್ಟಿಯೊಳಗೆ ಸಿಕ್ಕಿತು. ಲಾಡಿ ಪೋಣಿಸಲು ತೆಗೆದುಕೊಂಡವಳು ಅರ್ಧಕ್ಕೆ ಬಿಟ್ಟು ಮರೆತಿದ್ದಳು. ಪೆನ್ನು ಚೆನ್ನಾಗಿ ಬರೆಯುತ್ತಿದೆ.