ಗೋಲೋ, ಗೋಳೋ?

ಲಕಾರಕ್ಕೂ ಳಕಾರಕ್ಕೂ ನಡುವಿನ ಗಡಿಯನ್ನು ಇಪ್ಪತ್ತೆರಡು ವರ್ಷಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವ ಏಕೈಕ ಯೋಧ ನಾನು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಉದ್ಯೋಗ. ಆದ್ದರಿಂದ ‘ತುಕ್ಕು’ ಬ್ಯಾಂಡಿನ ಹೊಸ ಹಾಡಿನ ಒಂದು ಅಕ್ಷರಕ್ಕಾಗಿ ಅಭಿಮಾನಿಗಳು ಕಿತ್ತಾಡತೊಡಗಿದಾಗ, ಈ ಜಗಳವನ್ನು ಹದಿನೈದು ದಿನದಲ್ಲಿ ಶಾಶ್ವತವಾಗಿ ಬಗೆಹರಿಸಿಯೇ ತೀರುತ್ತೇನೆಂದು ಸಂಕಲ್ಪ ಮಾಡಿದೆ. ಬಗೆಹರಿಯಿತು. ಬಗೆಹರಿದ ರೀತಿಯನ್ನು ಮಾತ್ರ ನಾನು ಊಹಿಸಿರಲಿಲ್ಲ.

‘ತುಕ್ಕು’ ನಮ್ಮೂರಿನದೇ ರಾಕ್ ಬ್ಯಾಂಡು. ಒಬ್ಬ ಹಾಡುತ್ತಾನೆ, ಅವನ ಮಾತು ಯಾರಿಗೂ ಕೇಳಿಸದಂತೆ ನೋಡಿಕೊಳ್ಳುವ ಹೊಣೆ ಉಳಿದ ಮೂವರದು. ನಮ್ಮ ಫುಟ್‌ಬಾಲ್ ತಂಡ ಏಳು ವರ್ಷ ಎಲ್ಲ ಕಡೆ ಸೋತು, ಈ ಸಲ ಅದು ಹೇಗೋ ಫೈನಲ್ ತಲುಪಿಬಿಟ್ಟಿತ್ತು. ಆ ಗಾಬರಿಯಲ್ಲಿ ಕ್ಲಬ್ಬಿನವರು ತಂಡವನ್ನು ಹುರಿದುಂಬಿಸಲು ಈ ಬ್ಯಾಂಡಿನಿಂದ ಹಾಡೊಂದನ್ನು ಮಾಡಿಸಿದರು. ಪಲ್ಲವಿಯಲ್ಲಿ “ಕೊನೆಯ ಸೀಟಿಯವರೆಗೂ ನಮ್ಮದೇ ಗೋ...” ಎನ್ನುವಷ್ಟರಲ್ಲಿ ಮೂರು ವಾದ್ಯಗಳೂ ಒಟ್ಟಿಗೆ ಹಾಡುಗಾರನ ಮೈಮೇಲೆ ಬೀಳುತ್ತವೆ. ಮುಂದಿನ ಅಕ್ಷರ ಏನೆಂದು ದೇವರೇ ಬಲ್ಲ.

ನಾನೂ ಬಲ್ಲೆ. ಅದು ‘ಗೋಲು’.

ಅಲ್ಲ, ‘ಗೋಳು’ ಎಂದವನು ನನ್ನ ಬಾಮೈದ. ಸಿಟಿ ಬಸ್ಸಿನ ಡ್ರೈವರು. ನಮ್ಮ ಮನೆಯ ಮಹಡಿ ಕೋಣೆಯಲ್ಲಿ ವಾಸ, ನಮ್ಮ ಜತೆಯಲ್ಲೇ ಊಟ. ಹನ್ನೊಂದು ವರ್ಷಗಳಿಂದ ಒಂದು ಪಂದ್ಯವನ್ನೂ ತಪ್ಪಿಸದೆ ಅಕ್ಕಪಕ್ಕದ ಸೀಟಿನಲ್ಲಿ ಕುಳಿತು ಸೋಲನ್ನು ಸಮಪಾಲಾಗಿ ಉಂಡವರು ನಾವಿಬ್ಬರು.

“ಭಾವ, ಸರಿಯಾಗಿ ಕೇಳಿಸ್ಕೊಳ್ಳಿ. ನಮ್ಮದೇ ಗೋಳು ಅಂತಾನೆ. ಏಳು ವರ್ಷ ನಾವು ಪಟ್ಟಿದ್ದು ಅದನ್ನೇ ತಾನೆ?”

“ತಂಡಕ್ಕೆ ಧೈರ್ಯ ತುಂಬೋ ಹಾಡಲ್ಲಿ ಗೋಳು ಯಾಕೋ ಬರುತ್ತೆ?”

“ಅವರ ಹಿಂದಿನ ಆಲ್ಬಮ್ ಹೆಸರೇನು ಹೇಳಿ ನೋಡೋಣ.”

ಹಿಂದಿನ ಆಲ್ಬಮಿನ ಹೆಸರು ‘ತೂತು ಬಕೆಟ್ಟು’. ನಾನು ಮಾತು ಬದಲಿಸಿದೆ.

ಬ್ಯಾಂಡಿನವರನ್ನೇ ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ನಿಜವಾದ ಅಭಿಮಾನಿಗಳು ಅಂಥ ಅವಸರದ ಕೆಲಸ ಮಾಡುವುದಿಲ್ಲ. ನಾನು ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಹದಿನಾಲ್ಕು ಪ್ಯಾರಾಗಳ ಪ್ರಬಂಧ ಬರೆದೆ. ಬಾಮೈದ ಅದಕ್ಕೆ ಒಂದೇ ಒಂದು ಆಕಳಿಕೆಯ ಚಿತ್ರ ಹಾಕಿದ. ಅದಕ್ಕೆ ಎಂಬತ್ತು ಜನ ಮೆಚ್ಚುಗೆ ಒತ್ತಿದರು. ಎರಡೇ ದಿನದಲ್ಲಿ ಗುಂಪು ಒಡೆದು ಗೋಲು ಪಂಗಡ, ಗೋಳು ಪಂಗಡ ಎಂದಾಯಿತು. ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಹಾಡನ್ನು ಕಾಲು ವೇಗಕ್ಕೆ ಇಳಿಸಿ ಕೇಳಿ, ಅದು ‘ಗೂಳಿ’ ಎಂದು ಸಾಧಿಸಿದರು. ಅವರನ್ನು ಎರಡೂ ಪಂಗಡದವರು ಸೇರಿ ಹೊರಗೆ ಹಾಕಿದೆವು. ನಾವು ಒಗ್ಗಟ್ಟಾಗಿ ಮಾಡಿದ ಕೊನೆಯ ಕೆಲಸ ಅದು.

ಮನೆಯಲ್ಲಿ ಆ ಒಂದು ಸಾಲನ್ನು ದಿನಕ್ಕೆ ನಲವತ್ತು ಸಲ ಹಾಕಿ ಹಾಕಿ ಕೇಳುತ್ತಿದ್ದೆವು. ನನ್ನ ಹೆಂಡತಿ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ. ಮೂರನೆಯ ಸಂಜೆ ಕೈಚೀಲ ಕೆಳಗಿಡುವ ಮೊದಲೇ ಸ್ಪೀಕರಿನ ವೈರು ಕಿತ್ತಳು.

“ಬೆಳಗಿಂದ ಸಂಜೆ ತನಕ ಜನ ಕಿತ್ತಾಡೋದನ್ನ ಬರ್ಕೊಂಡು ಬರ್ತೀನಿ. ಅವರು ಜಮೀನಿಗೆ ಕಿತ್ತಾಡ್ತಾರೆ, ಮನೆಗೆ ಕಿತ್ತಾಡ್ತಾರೆ. ನೀವು?”

“ಇದು ತತ್ವದ ಪ್ರಶ್ನೆ ಕಣೆ.”

“ಅಲ್ಲೂ ಎಲ್ಲರೂ ಹಾಗೇ ಅನ್ನೋದು. ಆಮೇಲೆ ಹತ್ತು ವರ್ಷ ಅಲೀತಾರೆ.”

ಅಂದು ಊಟದ ಹೊತ್ತಿಗೆ ತತ್ವ ಇನ್ನಷ್ಟು ಮೇಲೇರಿತು. ಬಾಮೈದ ತಟ್ಟೆ ನೋಡುತ್ತಲೇ, “ಕರಡು ತಿದ್ದೋರಿಗೆ ಕಣ್ಣಿದ್ರೆ ಸಾಕು ಬಿಡಿ, ಕಿವಿ ಯಾಕೆ?” ಎಂದ. “ಬಸ್ ಓಡಿಸೋರಿಗೆ ಹಾರ್ನ್ ಬಿಟ್ಟು ಇನ್ನೇನು ಕೇಳಿಸುತ್ತೆ?” ಎಂದೆ ನಾನು. ಅವನು ತಟ್ಟೆ ಎತ್ತಿಕೊಂಡು ಮಹಡಿ ಹತ್ತಿದ. ಮರುದಿನದಿಂದ ಅವನ ಊಟ ಅಲ್ಲಿಯೇ. ಫೈನಲ್ಲಿನ ಸೀಟನ್ನೂ ಯಾರ ಜತೆಗೋ ಬದಲಾಯಿಸಿಕೊಂಡನೆಂದು ತಿಳಿಯಿತು. ನನ್ನ ಪಕ್ಕದಲ್ಲಿ ಇನ್ನು ಯಾರೋ ಅಪರಿಚಿತ. ಎದೆಯಲ್ಲಿ ಏನೋ ಚುಚ್ಚಿತು. ಆದರೆ ಗಡಿ ಕಾಯುವವನು ಎದೆ ಸವರಿಕೊಳ್ಳುತ್ತ ಕೂರಬಾರದಷ್ಟೆ.

ಅಷ್ಟರಲ್ಲಿ ಭಾಗ್ಯದ ಬಾಗಿಲು ತೆರೆಯಿತು. ಫೈನಲ್ ದಿನ ಎಲ್ಲರೂ ಒಟ್ಟಿಗೆ ಹಾಡಲೆಂದು ಐದು ಸಾವಿರ ಹಾಡಿನ ಹಾಳೆ ಅಚ್ಚು ಮಾಡುವ ಕೆಲಸ ನಮ್ಮ ಮುದ್ರಣಾಲಯಕ್ಕೇ ಬಂತು. ಹಾಡು ಬರೆದಿದ್ದ ಮೂಲ ಚೀಟಿ ಹಾಡುಗಾರನ ಪ್ಯಾಂಟಿನ ಜೇಬಿನಲ್ಲಿದ್ದು, ಪ್ಯಾಂಟಿನ ಜತೆ ಒಗೆದುಹೋಗಿತ್ತಂತೆ. ಆದ್ದರಿಂದ ನಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಹೆಂಗಸು ಧ್ವನಿಮುದ್ರಣ ಕೇಳಿಯೇ ಎಲ್ಲವನ್ನೂ ಟೈಪು ಮಾಡಿದ್ದರು. ತೆರೆದು ನೋಡುತ್ತೇನೆ, ಒಂಬತ್ತು ಕಡೆ ‘ಗೋಳು’. ಶತ್ರು ನನ್ನ ಮೇಜಿನವರೆಗೂ ನುಸುಳಿದ್ದ.

ಒಂದೊಂದನ್ನೇ ತಿದ್ದುತ್ತ ಕೂರಲು ನಾನೇನು ಹೊಸಬನೆ? ಹುಡುಕಿ ಬದಲಿಸುವ ಕಿಟಕಿ ತೆರೆದೆ. ಇಷ್ಟು ಸಣ್ಣ ಕೆಲಸಕ್ಕೆ ಇಡೀ ಪದ ಯಾಕೆ ಎಂದು ಮೇಲಿನ ಮನೆಯಲ್ಲಿ ‘ಳ’ ಬರೆದೆ, ಕೆಳಗಿನ ಮನೆಯಲ್ಲಿ ‘ಲ’ ಬರೆದೆ, ‘ಎಲ್ಲವನ್ನೂ ಬದಲಿಸು’ ಎಂಬುದನ್ನು ಒತ್ತಿದೆ. ಪಲ್ಲವಿಯಲ್ಲಿ ‘ಗೋಲು’ ಮೂಡಿತು. ಕಣ್ಣು ತುಂಬಿ ಬಂತು.

ಯಂತ್ರ ನಡೆಸುವಾತ ಬಾಗಿಲಲ್ಲಿ ತಲೆ ಹಾಕಿದ. “ಸಾರ್, ಕೊನೇ ಸಲ ಒಂದು ಪ್ರಿಂಟ್ ತೆಗೆದು ನೋಡ್ತೀರಾ?”

“ನಾನು ನೋಡಿದ್ದನ್ನ ಇನ್ಯಾರಪ್ಪ ನೋಡಬೇಕು? ಹೊಡಿ.”

ಹೊಡೆದ. ಐದು ಸಾವಿರ.

ಫೈನಲ್ ದಿನ ಗೇಟಿನಲ್ಲೇ ಹಾಳೆ ಹಂಚಿದರು. ಜನ ಓದತೊಡಗಿದರು. ಮೊದಲು ನನ್ನ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಡಗಡೆ. ಆಮೇಲೆ ನಗು ಮೈದಾನದ ಸುತ್ತ ಒಂದು ಸುತ್ತು ಹೊಡೆದು ಮತ್ತೆ ನನ್ನ ಹತ್ತಿರವೇ ಬಂದು ನಿಂತಿತು. ನಾನು ಹಾಳೆ ಬಿಡಿಸಿದೆ. ‘ಗೆಳೆಯ’ ಇದ್ದವನು ‘ಗೆಲೆಯ’ ಆಗಿದ್ದ. ‘ಕಾಳಗ’ ‘ಕಾಲಗ’ವಾಗಿ, ‘ಬೆಳಕು’ ‘ಬೆಲಕಾ’ಗಿತ್ತು. ಇವನ್ನೆಲ್ಲ ಹೇಗೋ ನುಂಗಬಹುದಿತ್ತು. ಆದರೆ ಎರಡನೆಯ ಚರಣದಲ್ಲಿ, ದಪ್ಪ ಅಕ್ಷರದಲ್ಲಿ, ಎಲ್ಲರೂ ಎದ್ದು ನಿಂತು ಹಾಡಬೇಕಾದ ಜಾಗದಲ್ಲಿ, “ಎದೆ ತಟ್ಟಿ ಹೇಳು” ಎಂಬ ವೀರವಾಣಿಯೊಂದಿತ್ತು. ಅಲ್ಲಿ ಅಚ್ಚಾಗಿದ್ದನ್ನು ಮರ್ಯಾದಸ್ಥನಾದ ನಾನು ಇಲ್ಲಿ ಬರೆಯಲಾರೆ. ಓದುಗರು ದಯವಿಟ್ಟು ತಾವೇ ಳಕಾರ ತೆಗೆದು ಲಕಾರ ಹಾಕಿಕೊಂಡು, ಮನಸ್ಸಿನಲ್ಲೇ ಓದಿಕೊಳ್ಳಬೇಕು.

ಐದು ಸಾವಿರ ಜನ ಮನಸ್ಸಿನಲ್ಲಿ ಓದಿಕೊಳ್ಳಲಿಲ್ಲ. ಬ್ಯಾಂಡು ಶುರು ಮಾಡಿದಾಗ ಅಚ್ಚಿನಲ್ಲಿದ್ದ ಹಾಗೆಯೇ, ಎದೆ ತಟ್ಟಿಕೊಂಡು, ಒಕ್ಕೊರಲಿನಿಂದ ಹಾಡಿದರು. ಆ ಒಂದು ಸಾಲು ಮಾತ್ರ ಎಲ್ಲ ಗಿಟಾರುಗಳನ್ನೂ ಮೀರಿ ಸ್ಪಷ್ಟವಾಗಿ ಕೇಳಿಸಿತು. ಎದುರಾಳಿ ತಂಡದವರು ನಮ್ಮನ್ನು ಗಾಬರಿಯಿಂದ ನೋಡಿದರು. ಹಾಡುಗಾರ ಮೈಕು ಹಿಡಿದೇ ಬಗ್ಗಿ ನಗುತ್ತಿದ್ದ. ನಾನು ಹಾಳೆಯನ್ನು ಮುಖಕ್ಕೆ ಹಿಡಿದುಕೊಂಡು ಬಿಸಿಲಿಗೆ ಮರೆ ಮಾಡಿಕೊಂಡಂತೆ ನಟಿಸಿದೆ. ಅಂದು ಮೋಡ ಕವಿದಿತ್ತು.

ಪಂದ್ಯದ ವಿಷಯ ಚಿಕ್ಕದು. ಎಂಬತ್ತೆಂಟನೆಯ ನಿಮಿಷದವರೆಗೆ ಸೊನ್ನೆ-ಸೊನ್ನೆ. ಆಗ ನಮ್ಮ ರಕ್ಷಣಾ ಆಟಗಾರ ಚೆಂಡನ್ನು ದೂರ ಒದೆಯಲು ಹೋಗಿ ನಮ್ಮ ಬಲೆಗೇ ಒದ್ದ. ಪಕ್ಕದ ಅಪರಿಚಿತ ಎದ್ದು ಹೋದ. ಆ ಸೀಟಿನಲ್ಲಿ ಯಾರೋ ಬಂದು ಧೊಪ್ಪನೆ ಕುಳಿತರು. ತಿರುಗಿ ನೋಡಿದರೆ ಬಾಮೈದ.

“ಭಾವ, ಗೋಲು ಬಿತ್ತು. ನಮ್ಮದೇ.”

“ಗೋಳೂ ನಮ್ಮದೇ ಕಣೋ,” ಎಂದೆ.

ಇಬ್ಬರೂ ಮುಂದಕ್ಕೆ ಬಗ್ಗಿ, ತಲೆಯ ಮೇಲೆ ಕೈ ಹೊತ್ತು, ಕೊನೆಯ ಸೀಟಿಯವರೆಗೂ ಕುಳಿತಿದ್ದೆವು. ಎರಡು ವಾರದಲ್ಲಿ ನನಗೆ ಅಷ್ಟು ಹಿತವಾದ ಎರಡು ನಿಮಿಷ ಸಿಕ್ಕಿರಲಿಲ್ಲ.

ಹೊರಗೆ ಹಾಡುಗಾರ ಅಭಿಮಾನಿಗಳ ಹಾಳೆಗಳಿಗೆ ಸಹಿ ಹಾಕುತ್ತಿದ್ದ. ಬಾಮೈದ ನುಗ್ಗಿ ಹೋಗಿ ಕೇಳಿಯೇಬಿಟ್ಟ. “ಅಣ್ಣ, ನೀವು ಬರೆದಿದ್ದು ಗೋಲಾ, ಗೋಳಾ?”

“ಗೋಲು,” ಎಂದ ಅವನು ಪೆನ್ನು ನಿಲ್ಲಿಸದೆ. “ನನಗೆ ನಾಲಿಗೆ ತಿರುಗಲ್ಲ. ನಾನು ಏನಂದ್ರೂ ಒಂದೇ ಥರ ಕೇಳುತ್ತೆ. ಅದಿರಲಿ, ಇದನ್ನ ಅಚ್ಚು ಹಾಕಿದ ಮಹಾನುಭಾವ ಯಾರು? ಮುಂದಿನ ಆಲ್ಬಮ್‌ಗೆ ಬೇಕಿತ್ತು.”

ಬಾಮೈದ ನನ್ನನ್ನು ತೋರಿಸದೆ ಹೆಗಲ ಮೇಲೆ ಕೈ ಹಾಕಿ ಮನೆಗೆ ಕರೆತಂದ. ಮುದ್ರಣಾಲಯದ ಮಾಲೀಕರು ಅಷ್ಟರಲ್ಲಾಗಲೇ ಫೋನು ಮಾಡಿ, ಇನ್ನೊಂದು ತಿಂಗಳು ನಾನು ದೂರವಾಣಿ ಸಂಖ್ಯೆಗಳ ಕರಡನ್ನು ಮಾತ್ರ ನೋಡತಕ್ಕದ್ದೆಂದು ಅಪ್ಪಣೆ ಕೊಡಿಸಿದ್ದರು.

ಬಾಮೈದ ಚಪ್ಪಲಿ ಬಿಡುತ್ತಲೇ ಅಕ್ಕನ ಕೈಗೆ ಹಾಳೆ ಕೊಟ್ಟ. “ಅಕ್ಕ, ಭಾವ ಅಂದಿದ್ದೇ ಸರಿ. ಅದು ಗೋಲೇ. ಹಾಡಿದವನ ಬಾಯಿಂದಲೇ ಕೇಳ್ಕೊಂಡು ಬಂದೆ.”

ಅವಳು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಎರಡನೆಯ ಚರಣದಲ್ಲಿ ಹುಬ್ಬು ಮೇಲೇರಿತು. ನಾನು ಗಂಟಲು ಸರಿಮಾಡಿಕೊಂಡು, “ನೋಡು, ಮೂಲ ವಿಷಯದಲ್ಲಿ ನಾನೇ ಗೆದ್ದೆ,” ಎಂದೆ.

“ಗೆದ್ದಿರಲ್ಲ, ಇನ್ನೇನು ಸಂಕೋಚ?” ಎಂದಳು ಹಾಳೆ ಮಡಿಸುತ್ತ. “ಎದೆ ತಟ್ಟಿ ಹೇಳಿ.”

ಆ ಕೊನೆಯ ಪದದಲ್ಲಿ ಅವಳು ಹಾಕಿದ್ದು ಳಕಾರವೋ ಲಕಾರವೋ, ನನ್ನ ಕಿವಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯವೂ ಬರಲಿಲ್ಲ.